ನಿಂಬೆಹಣ್ಣು ಮೂರು ಕೆಜಿ ತೂಗಿದ ವರ್ಷ

ನಾನು ಮದುವೆಯಾಗಿ ಚಳ್ಳಕೆರೆಗೆ ಬಂದಾಗ ನಮ್ಮ ಮಾವನವರ ಅಂಗಡಿಯಲ್ಲಿ ಕರೆಂಟಿನಿಂದ ನಡೆಯುವ ವಸ್ತು ಎರಡೇ ಇದ್ದವು. ಒಂದು ಟ್ಯೂಬ್‌ಲೈಟು, ಇನ್ನೊಂದು ಫ್ಯಾನು. ಉಳಿದದ್ದೆಲ್ಲ ಕಬ್ಬಿಣ, ಹಿತ್ತಾಳೆ, ಸರಪಳಿ. ಅದು ತಕ್ಕಡಿ ಅಂಗಡಿ. ಶೇಂಗಾ ತೂಗುವ ಆಳೆತ್ತರದ ತಕ್ಕಡಿಯಿಂದ ಹಿಡಿದು ಅಕ್ಕಸಾಲಿಗರ ಗಾಜಿನ ಪೆಟ್ಟಿಗೆಯ ಪುಟಾಣಿ ತಕ್ಕಡಿವರೆಗೆ ಎಲ್ಲವೂ ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಮಾವನವರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಅರದಿಂದ ಒಂದೆರಡು ಸಲ ಉಜ್ಜಿ, ಮುಳ್ಳು ನಡುವಿಗೆ ಬಂದು ನಿಂತಿತೆಂದರೆ ಗಿರಾಕಿಯ ಮುಖ ನೋಡದೆ "ಹದ ಬಂತು, ತಗೊಂಡು ಹೋಗ್ರಿ" ಅನ್ನುತ್ತಿದ್ದರು.

ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ನನ್ನ ಗಂಡ ಎಣ್ಣೆ ಮಿಲ್ಲೊಂದರಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು, ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಮಧ್ಯಾಹ್ನ ಮನೆಯಲ್ಲಿ ಕೂತು ಬೇಜಾರಾಗಿ ನಾನೂ ಅಂಗಡಿಗೆ ಬರತೊಡಗಿದೆ. ಮಾವನವರು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಒಂದು ಸ್ಟೂಲು ತಂದಿಟ್ಟರು, ಅಷ್ಟೆ. ಎರಡು ಸಾವಿರನೇ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಅಂಕಿ ತೋರಿಸುವ ತಕ್ಕಡಿಗಳು ಪೇಟೆಯ ದೊಡ್ಡ ಅಂಗಡಿಗಳಿಗೆ ಒಂದೊಂದಾಗಿ ಬರುತ್ತಿದ್ದವು. ನಮ್ಮ ಅಂಗಡಿಯಲ್ಲಿ ಅವುಗಳ ಮಾತು ಯಾರೂ ಎತ್ತುತ್ತಿರಲಿಲ್ಲ.

ಹಾಗಿರುವಾಗ ಒಂದು ದಿನ ಮೊಳಕಾಲ್ಮೂರಿನಿಂದ ಒಬ್ಬ ಹೆಂಗಸು ಬಂದರು. ಐವತ್ತೈದರ ಆಸುಪಾಸು, ಹಣೆಯಲ್ಲಿ ಕಾಸಗಲ ಕುಂಕುಮ, ಬಟ್ಟೆಯಲ್ಲಿ ಸುತ್ತಿದ ಸಣ್ಣ ತಕ್ಕಡಿ. ನಾಲ್ಕು ಮಗ್ಗದ ಒಡತಿ. ಮನೆಯಲ್ಲಿ ಆಡುವುದು ತೆಲುಗು, ನಮ್ಮ ಜೊತೆ ತಮ್ಮದೇ ಹದದ ಕನ್ನಡ. ಹೆಸರು ಹೇಳಬಾರದಲ್ಲ, ಮಗ್ಗದಮ್ಮ ಅನ್ನುತ್ತೇನೆ.

"ತಕ್ಕಡಿ ಚೆನ್ನಾಗೇ ಐತೆ ರೀ," ಅಂದರು ಮಾವನವರಿಗೆ. "ನಮ್ ಕಣ್ಣೇ ಕೆಟ್ಟೈತೆ. ರೇಷ್ಮೆ ತೂಗುವಾಗ ಮುಳ್ಳು ನಡುವೆ ಐತೆ ಅಂತೀನಿ ನಾನು. ಇಲ್ಲ, ಎಡಕೈತೆ ಅಂತಾಳೆ ನನ್ನ ಓರಗಿತ್ತಿ. ದಿನಾ ಇದೇ ಜಗಳ. ಅಂಕಿ ಬರೋ ತಕ್ಕಡಿ ಐತಂತಲ್ಲ, ಅದು ಕೊಡ್ರಿ."

"ಅಷ್ಟು ಸೂಕ್ಷ್ಮದ್ದು ನಮ್ಮಲ್ಲಿಲ್ಲಮ್ಮ," ಅಂದರು ಮಾವನವರು.

ಆಗ ನನ್ನ ಬಾಯಿಂದ, ನನ್ನನ್ನು ಕೇಳದೆ, ಒಂದು ಮಾತು ಹೊರಬಿತ್ತು. "ನಾನು ಮಾಡಿ ಕೊಡ್ತೀನಿ."

ಮಾವನವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಮಗ್ಗದಮ್ಮ ನನ್ನ ಕೈ ನೋಡಿದರು, ಬಳೆ ನೋಡಿದರು, ಮತ್ತೆ ಮುಖ ನೋಡಿದರು. "ಮಾಡ್ತಾಳೇನೋ ಮಾಡ್ಲಿ ಬಿಡ್ರಿ, ಹುಡುಗಿ ಕಣ್ಣು ಚುರುಕೈತೆ," ಅಂದು ತಕ್ಕಡಿ ಕಟ್ಟಿಕೊಂಡು ಬಸ್ಸಿಗೆ ಹೋದರು. ನನಗಾದದ್ದು ಹೆದರಿಕೆಯೋ ಖುಷಿಯೋ ತಿಳಿಯಲಿಲ್ಲ. ಅವತ್ತು ಸಂಜೆ ಅಡುಗೆ ಮಾಡುತ್ತಾ ಒಬ್ಬಳೇ ನಕ್ಕೆ.

ಬೇಕಾದ ಸಾಮಾನು ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬಂತು. ಅದರಲ್ಲಿ ಮುಖ್ಯವಾದವು ಎರಡು. ಒಂದು, ಬೆರಳುದ್ದದ ಅಲ್ಯೂಮಿನಿಯಂ ತುಂಡು. ಅದಕ್ಕೆ ಲೋಡ್‌ಸೆಲ್ ಅಂತಾರೆ. ಅದರ ಮೇಲೆ ಭಾರ ಬಿದ್ದರೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಬಾಗಿದ್ದಕ್ಕೆ ತಕ್ಕಂತೆ ಒಂದು ಚಿಟಿಕೆ ವೋಲ್ಟೇಜು ಕೊಡುತ್ತದೆ. ಇನ್ನೊಂದು, ಕಪ್ಪು ಸ್ಪಂಜಿಗೆ ಕಾಲು ಚುಚ್ಚಿಕೊಂಡು ಮಲಗಿದ್ದ ಎಲೆಕ್ಟ್ರಾನಿಕ್ ಚಿಪ್ಪು. ಆ ಚಿಟಿಕೆ ವೋಲ್ಟೇಜನ್ನು ಅಂಕಿಯಾಗಿ ಬದಲಾಯಿಸುವುದು ಅದರ ಕೆಲಸ. ಕಾಲೇಜಿನಲ್ಲಿ ನಾನು ನೋಡಿದ್ದು ಎಂಟು ಬಿಟ್ಟಿನ ಚಿಪ್ಪು. ಅದು ಯಾವುದೇ ಅಳತೆಯನ್ನು ಇನ್ನೂರೈವತ್ತಾರು ಮೆಟ್ಟಿಲಾಗಿ ಕತ್ತರಿಸುತ್ತಿತ್ತು. ಇದು ಇಪ್ಪತ್ನಾಲ್ಕು ಬಿಟ್ಟಿನದು. ಒಂದು ಕೋಟಿ ಅರವತ್ತೇಳು ಲಕ್ಷ ಮೆಟ್ಟಿಲು. ಕೊತ್ತಂಬರಿ ಬೀಜದ ಗಾತ್ರವೂ ಇಲ್ಲದ ಸಿಲಿಕಾನಿನೊಳಗೆ ಅಷ್ಟು ಮೆಟ್ಟಿಲು ಹೇಗೆ ಕೂತಿವೆ ಅಂತ ಯೋಚಿಸಿದರೆ ತಲೆ ಸುತ್ತಿ ಬರುತ್ತಿತ್ತು. ಅದರ ವಿವರದ ಹಾಳೆಗಳನ್ನು ಒಲೆಯ ಪಕ್ಕ ಇಟ್ಟುಕೊಂಡು ಓದುತ್ತಿದ್ದೆ. ಹದಿನಾಲ್ಕನೇ ಪುಟದ ಮೇಲೆ ಇವತ್ತಿಗೂ ಸಾರಿನ ಕಲೆ ಇದೆ.

ಆ ಚಿಪ್ಪಿನಲ್ಲಿ ಗೇನ್ ಅಂತ ಒಂದಿತ್ತು. ಬಂದ ವೋಲ್ಟೇಜನ್ನು ಪಿಸುಮಾತಿನ ಹಾಗೆ ಎಷ್ಟು ಪಟ್ಟು ದೊಡ್ಡದು ಮಾಡಿ ಕೇಳಿಸಿಕೊಳ್ಳಬೇಕು ಅಂತ ನಾವೇ ಹೇಳಬಹುದು. ಒಂದು, ಎರಡು, ನಾಲ್ಕು, ಹೀಗೆ ದುಪ್ಪಟ್ಟಾಗುತ್ತಾ ನೂರಿಪ್ಪತ್ತೆಂಟರವರೆಗೆ. ಇನ್ನೊಂದು ಕ್ಯಾಲಿಬ್ರೇಷನ್. ಖಾಲಿ ತಟ್ಟೆ ಇಟ್ಟು "ಇದು ಸೊನ್ನೆ" ಅಂತ ಕಲಿಸಬೇಕು, ಆಮೇಲೆ ಗೊತ್ತಿರುವ ತೂಕ ಇಟ್ಟು "ಇದು ನೂರು ಗ್ರಾಂ" ಅಂತ ಕಲಿಸಬೇಕು. ಗೊತ್ತಿರುವ ತೂಕಕ್ಕೆ ಮಾವನವರ ಹಿತ್ತಾಳೆ ಬೊಟ್ಟುಗಳಿದ್ದವು. ವೆಲ್ವೆಟ್ ಹಾಸಿದ ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಕೂತಿದ್ದ, ಸರ್ಕಾರದ ಮುದ್ರೆ ಬಿದ್ದ ಬೊಟ್ಟುಗಳು. ಅವನ್ನು ಬರಿಗೈಯಲ್ಲಿ ಮುಟ್ಟಲು ಅತ್ತೆಯವರಿಗೂ ಅನುಮತಿ ಇರಲಿಲ್ಲ. ನೂರು ಗ್ರಾಮಿನದನ್ನು ಕೇಳಿದಾಗ ಮಾವನವರು ಅದನ್ನು ಬಿಳಿ ಬಟ್ಟೆಯಲ್ಲಿ ಹಿಡಿದು ತಾವೇ ತಂದು ತಟ್ಟೆಯ ಮೇಲಿಟ್ಟರು.

ಪ್ರೋಗ್ರಾಮನ್ನು ಊರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕೂತು ಬರೆಯುತ್ತಿದ್ದೆ. ಫ್ಲಾಪಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಾಡುತ್ತಿದ್ದೆ. ಮೊದಲು ಗೇನ್ ಒಂದರಲ್ಲೇ ಇತ್ತು. ಆಗ ಕೊನೆಯ ಅಂಕಿಗಳು ಜಾತ್ರೆಗೆ ಬಿಟ್ಟ ಕೋಳಿಗಳ ಹಾಗೆ ಓಡಾಡಿದವು. ಗೇನ್ ಸಾಲದು ಅಂತ ತಿಳಿಯಿತು. ಪ್ರೋಗ್ರಾಮಿನ ಕೊನೆಗೆ ಒಂದು ಸಾಲು ಸೇರಿಸಿ ಅರವತ್ನಾಲ್ಕಕ್ಕೆ ಏರಿಸಿದೆ. ಅಂಗಡಿಗೆ ಬಂದು ಚಾಲೂ ಮಾಡಿದೆ. ಸೊನ್ನೆ ಸರಿಯಾಗಿ ನಿಂತಿತು. ತೂಗಲು ಕೈಗೆ ಸಿಕ್ಕಿದ್ದು ಶರಬತ್ತಿಗೆ ತಂದಿದ್ದ ನಿಂಬೆಹಣ್ಣು. ಇಟ್ಟೆ.

ಮೂರು ಸಾವಿರದ ಇನ್ನೂರ ಹದಿನಾಲ್ಕು ಗ್ರಾಂ.

ಹಣ್ಣು ತೆಗೆದೆ, ಸೊನ್ನೆ. ಇಟ್ಟೆ, ಮತ್ತೆ ಅದೇ ಮೂರು ಕೆಜಿ ಚಿಲ್ಲರೆ. ಒಂದು ಗ್ರಾಂ ಆಚೀಚೆ ಇಲ್ಲ. ಸುಳ್ಳನ್ನು ಇಷ್ಟು ನಿಯತ್ತಾಗಿ ಹೇಳುವ ಯಂತ್ರವನ್ನು ನಾನು ನೋಡಿರಲಿಲ್ಲ. ಅಷ್ಟರಲ್ಲಿ ಮಾವನವರು ಹೊರಗಿನಿಂದ ಬಂದು ಹಿಂದೆ ನಿಂತರು. ಅಂಕಿ ಓದಿದರು. ನಿಂಬೆಹಣ್ಣನ್ನು ಎತ್ತಿ ಅಂಗೈಯಲ್ಲಿ ಎರಡು ಸಲ ಕುಣಿಸಿದರು.

"ಯಾರ ತೋಟದ್ದಮ್ಮ ಇದು?" ಅಂದರು, ಮುಖದಲ್ಲಿ ಏನೂ ತೋರಿಸದೆ.

ನನಗೆ ನಗು ತಡೆಯಲಾಗಲಿಲ್ಲ. ಮಾವನ ಎದುರು ಗಟ್ಟಿಯಾಗಿ ನಕ್ಕಿದ್ದು ಅದೇ ಮೊದಲು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಅವರ ಮೀಸೆಯ ಒಂದು ಬದಿ ಅಲ್ಲಾಡಿತು, ಆಮೇಲೆ ಇನ್ನೊಂದು ಬದಿ. ಸ್ವಲ್ಪ ಹೊತ್ತಿಗೆ ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದೆವು. ಎದುರಿನ ಹಗ್ಗದಂಗಡಿಯವನು ಏನಾಯಿತೆಂದು ಎದ್ದು ಬಂದ. ಅವನಿಗೂ ತೂಗಿ ತೋರಿಸಿದೆವು. ಅವನ ಬೀಗದ ಕೈ ಗೊಂಚಲು ಐದು ಕೆಜಿ ಬಂತು.

ನಗು ಮುಗಿದ ಮೇಲೆ ಮಾವನವರು ಕೇಳಿದರು. "ಏನು ಬದ್ಲಾಯ್ಸಿದೆ ನೀನು?"

"ಗೇನ್ ಅಂತ ಒಂದೈತೆ ರೀ. ಮೊದ್ಲು ಒಂದಿತ್ತು, ಈಗ ಅರವತ್ನಾಲ್ಕು ಮಾಡಿದೆ."

"ಯಾವಾಗ ಮಾಡಿದೆ? ಹದ ಹಿಡಿಯೋಕ್ಕಿಂತ ಮೊದ್ಲೋ, ಆಮೇಲೋ?"

"ಆಮೇಲೆ."

"ಮತ್ತೆ? ನಾನು ತಟ್ಟೆ ಬದ್ಲಾಯ್ಸಿದ್ರೆ, ಸರಪಳಿ ಬದ್ಲಾಯ್ಸಿದ್ರೆ ಹೊಸದಾಗಿ ಹದ ಹಿಡೀತೀನಿ. ಹಳೇ ಹದ ಹೊಸ ಸರಪಳಿಗೆ ಬರ್ತೈತೇನು?"

ನೂರು ಗ್ರಾಂ ಅಂದರೆ ಎಷ್ಟು ಅಂತ ಚಿಪ್ಪಿಗೆ ಕಲಿಸಿದ್ದು ಗೇನ್ ಒಂದು ಇದ್ದಾಗ. ಆಮೇಲೆ ಅದರ ಕಿವಿಯನ್ನು ಅರವತ್ನಾಲ್ಕು ಪಟ್ಟು ಚುರುಕು ಮಾಡಿ, ಹಳೆಯ ಪಾಠವನ್ನೇ ಒಪ್ಪಿಸು ಅಂದಿದ್ದೆ. ಐವತ್ತು ಗ್ರಾಂ ಚಿಲ್ಲರೆಯ ನಿಂಬೆಹಣ್ಣನ್ನು ಅರವತ್ನಾಲ್ಕರಿಂದ ಗುಣಿಸಿ ನೋಡಿದೆ. ಮೂರು ಸಾವಿರದ ಇನ್ನೂರು ಚಿಲ್ಲರೆ. ಚಿಪ್ಪಿನ ಹಾಳೆಯಲ್ಲೂ ಇದೇ ಮಾತು ಬರೆದಿತ್ತು, ಗೇನ್ ಬದಲಾದರೆ ಕ್ಯಾಲಿಬ್ರೇಷನ್ ಹೊಸದಾಗಿ ಮಾಡಬೇಕು ಅಂತ. ಸಾರಿನ ಕಲೆಯ ಕೆಳಗೇ ಇತ್ತು.

ಮಾರನೇ ದಿನ ಸಾಲುಗಳನ್ನು ಅದಲುಬದಲು ಮಾಡಿದೆ. ಮೊದಲು ಗೇನ್, ಆಮೇಲೆ ಸೊನ್ನೆ, ಆಮೇಲೆ ನೂರು ಗ್ರಾಂ. ಗಾಳಿಗೆ ಅಂಕಿ ತೂರಾಡುತ್ತದೆ ಅಂತ ಮಾವನವರು ತಾವಾಗಿಯೇ ಫ್ಯಾನ್ ಆರಿಸಿದರು. ಬೇಸಿಗೆಯ ಚಳ್ಳಕೆರೆಯಲ್ಲಿ ಅದು ಸಣ್ಣ ತ್ಯಾಗವಲ್ಲ. ಇಬ್ಬರೂ ಬೆವರುತ್ತಾ, ಉಸಿರು ಬಿಗಿಹಿಡಿದು ಬಗ್ಗಿ ನೋಡಿದೆವು. ಕೆಂಪು ಅಂಕಿಗಳು ಒಮ್ಮೆ ಮಿನುಗಿ ನಿಂತವು. ನೂರು ಚುಕ್ಕಿ ಸೊನ್ನೆ ಸೊನ್ನೆ. ಬೊಟ್ಟು ತೆಗೆದು ಇಟ್ಟರೂ ಅದೇ, ಹತ್ತು ಸಲ ಇಟ್ಟರೂ ಅದೇ.

ಆಮೇಲಿನ ಒಂದು ವಾರ ನಾವಿಬ್ಬರೂ ಸ್ವಲ್ಪ ಹುಚ್ಚರಾಗಿದ್ದೆವು. ಕಂಡದ್ದನ್ನೆಲ್ಲ ತೂಗಿದೆವು. ಅಂಚೆಚೀಟಿ, ಶೇಂಗಾ ಸಿಪ್ಪೆ, ಅತ್ತೆಯವರ ಮೂಗುತಿ. ಒಂದು ಕಟ್ಟಿರುವೆಯನ್ನು ತಟ್ಟೆಗೆ ಬಿಟ್ಟರೆ ಸೊನ್ನೆ ಚುಕ್ಕಿ ಸೊನ್ನೆ ಒಂದು ತೋರಿಸಿತು. ಅದು ಅಂಚಿನಿಂದ ಇಳಿದು ಹೋದೊಡನೆ ಅಂಕಿ ಸೊನ್ನೆಗೆ ಬಂತು. "ಇರುವೆ ಎದ್ದು ಹೋದದ್ದು ಇದಕ್ಕೆ ಗೊತ್ತಾಯ್ತು," ಅಂದರು ಮಾವನವರು. ಅವರು ತಮ್ಮ ಮೀಸೆಯ ಒಂದು ಕೂದಲು ಕಿತ್ತು ತಟ್ಟೆಗೆ ಹಾಕಿದರು. ಅಂಕಿ ಅಲ್ಲಾಡಲಿಲ್ಲ. ಮೂರು ಕೂದಲು ಹಾಕಿದರೂ ಅಲ್ಲಾಡಲಿಲ್ಲ. ಅವರಿಗೆ ಕೊಂಚ ಬೇಜಾರಾಯಿತು.

ತಕ್ಕಡಿಯನ್ನು ಮರದ ಪೆಟ್ಟಿಗೆಯೊಳಗೆ ಕೂಡಿಸಿ, ಗೇನ್, ಸೊನ್ನೆ, ನೂರು ಹಿಡಿಯಲು ಹೊರಗೆ ಮೂರು ಬಟನ್ ಇಟ್ಟು, ಹತ್ತಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ದಾರಿಯ ತಳಕು ಊರಿನಲ್ಲಿ ಹತ್ತಿ ಪಕ್ಕಕ್ಕೆ ಕೂತ ಹೆಂಗಸು "ಕೂಸು ಎಷ್ಟು ತಿಂಗಳದ್ದು?" ಅಂತ ಕೇಳಿ, ಆಮೇಲೆ ಪೆಟ್ಟಿಗೆ ನೋಡಿ ಕಿಟಕಿಯ ಕಡೆ ತಿರುಗಿದಳು. ಬೊಟ್ಟನ್ನು ಮಾವನವರು ತಾವೇ ಬಟ್ಟೆಯಲ್ಲಿ ಕಟ್ಟಿ ನನ್ನ ಚೀಲಕ್ಕೆ ಹಾಕಿದ್ದರು.

ಮಗ್ಗದಮ್ಮನ ಮನೆ ತಂಪಾಗಿತ್ತು. ಒಳಗೆ ನಾಲ್ಕು ಗುಂಡಿ ಮಗ್ಗ. ನೇಯುವವರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಎಳೆ ಒಣಗಿ ಹರಿಯಬಾರದು ಅಂತ ಮಣ್ಣಿನ ನೆಲಕ್ಕೆ ಆಗಾಗ ನೀರು ಚಿಮುಕಿಸುತ್ತಿದ್ದರು. ಬಣ್ಣ ಹಾಕಿದ ರೇಷ್ಮೆ ನೂಲಿನ ಸುರುಳಿಗಳು, ಅಂದರೆ ಲಡಿಗಳು, ಮಾಳಿಗೆಯ ಮೇಲೆ ಬಿಸಿಲಲ್ಲಿ ಒಣಗುತ್ತಿದ್ದವು. ನಾನು ಮೇಜು ಹಾಕಿಸಿಕೊಂಡು, ಗೇನ್ ನೋಡಿ, ಸೊನ್ನೆ ಹಿಡಿದು, ಬೊಟ್ಟಿಟ್ಟು ಕ್ಯಾಲಿಬ್ರೇಷನ್ ಮುಗಿಸಿದೆ. ನೂರು ಚುಕ್ಕಿ ಸೊನ್ನೆ ಸೊನ್ನೆ. ಮಗ್ಗದಮ್ಮನೂ ಅವರ ಓರಗಿತ್ತಿಯೂ ತಲೆಗೆ ತಲೆ ತಾಗಿಸಿ ಓದಿದರು. ಇಬ್ಬರೂ ಒಂದೇ ಅಂಕಿ ಹೇಳಿದ್ದು ಆ ಮನೆಯಲ್ಲಿ ದೊಡ್ಡ ಸುದ್ದಿಯಾಯಿತು. ಗುಂಡಿಗಳಿಂದ ನೇಯುವವರೂ ಎದ್ದು ಬಂದರು.

"ಈಗ ರೇಷ್ಮೆ," ಅಂದರು ಮಗ್ಗದಮ್ಮ. ಮಾಳಿಗೆಯಿಂದ ಆಗತಾನೇ ಇಳಿಸಿದ ದಾಳಿಂಬೆ ಬಣ್ಣದ ಲಡಿಯನ್ನು ತಟ್ಟೆಗೆ ಇಟ್ಟರು.

ಎಂಬತ್ನಾಲ್ಕು ಚುಕ್ಕಿ ಎರಡು ಆರು. ನಾನು ಬೀಗಿ ಅವರ ಮುಖ ನೋಡಿದೆ. ತಿರುಗಿ ನೋಡುವಷ್ಟರಲ್ಲಿ ಎರಡು ಎಂಟು. ಮೂರು ಸೊನ್ನೆ. ಮೂರು ಮೂರು. ಅಂಕಿ ಏರುತ್ತಿತ್ತು, ಅವಸರವಿಲ್ಲದೆ, ನಿಲ್ಲದೆ. ನನ್ನ ಬೀಗುವಿಕೆ ಅಷ್ಟೇ ಸಾವಕಾಶವಾಗಿ ಇಳಿಯಿತು.

ಲಡಿ ತೆಗೆದು ಬೊಟ್ಟು ಇಟ್ಟೆ. ಸರಿಯಾಗಿ ನೂರು. ಲಡಿ ಇಟ್ಟೆ. ಮತ್ತೆ ಏರತೊಡಗಿತು. ಗೇನ್ ಮೂವತ್ತೆರಡಕ್ಕೆ ಇಳಿಸಿ ಎಲ್ಲವನ್ನೂ ಹೊಸದಾಗಿ ಕಲಿಸಿದೆ. ಏರಿತು. ಮತ್ತೆ ಅರವತ್ನಾಲ್ಕು ಮಾಡಿದೆ. ಏರಿತು. ಹಿತ್ತಾಳೆಯ ಎದುರು ದೇವರಂತೆ ಕೂತಿರುವ ಯಂತ್ರ ರೇಷ್ಮೆ ಕಂಡರೆ ಮಾತ್ರ ಯಾಕೆ ಹೀಗೆ ಆಡುತ್ತದೆ ಅಂತ ನನಗೆ ತಿಳಿಯಲಿಲ್ಲ.

ಮಗ್ಗದಮ್ಮ ನನ್ನ ಬೆನ್ನು ಸವರಿ ಸಮಾಧಾನವಾಗಿ ಹೇಳಿದರು. "ಅದಿ ತಾಗುತೋಂದಮ್ಮಾ."

ಮದುವೆಯಾಗಿ ನನಗಿನ್ನೂ ವರ್ಷ ತುಂಬಿರಲಿಲ್ಲ, ತೆಲುಗು ಬರುತ್ತಿರಲಿಲ್ಲ. ತಾಗ್ತೈತೆ ಅನ್ನುತ್ತಿದ್ದಾರೆ ಅಂದುಕೊಂಡೆ. ಈ ಅಮ್ಮನಿಗೆ ಎಷ್ಟು ತಿಳಿದಿದೆ ಅಂತ ಬೆರಗಾಯಿತು. ಯಾಕೆಂದರೆ ತಟ್ಟೆ ಪೆಟ್ಟಿಗೆಯ ಅಂಚಿಗೆ ತಾಗಿದರೆ ತೂಕ ತಪ್ಪುತ್ತದೆ. ಅದು ನಿಜವಾಗಿ ಬರುವ ತೊಂದರೆ. ಲಡಿಯ ಎಳೆಗಳು ಬೇರೆ ಕೆಳಗೆ ಜೋತುಬಿದ್ದಿದ್ದವು. ಲಡಿಯನ್ನು ಬಿಗಿಯಾಗಿ ತಿರುಚಿ ಗಂಟಿನಂತೆ ಮಾಡಿ ಇಟ್ಟೆ. ಏರಿತು.

"ತಾಗುತೋಂದಿ," ಅಂದರು ಓರಗಿತ್ತಿಯೂ.

"ಎಲ್ಲಿ ತಾಗ್ತೈತೆ, ತೋರ್ಸ್ರಿ."

ಮಗ್ಗದಮ್ಮ ನೆಲ ತೋರಿಸಿದರು. ಮೇಜಿನ ಕಾಲು ಮಗ್ಗದ ಚೌಕಟ್ಟಿಗೆ ತಾಗುತ್ತಿದೆ ಅಂತ ತಿಳಿದು ಮೇಜನ್ನು ಎಳೆಸಿ ದೂರ ಹಾಕಿಸಿದೆ. ಏರಿತು. ಅವರು ಮೂಲೆಯ ನೀರಿನ ಹರವಿ ತೋರಿಸಿದರು. ಅದು ಮೇಜಿನಿಂದ ಮೂರು ಮಾರು ದೂರವಿತ್ತು. ಆದರೂ ಅದನ್ನು ಹೊರಗಿಡಿಸಿದೆ. ಏರಿತು. ಕೊನೆಗೆ ಅವರ ಮನೆಯ ಗರಗಸ ಕೇಳಿ ತೆಗೆದುಕೊಂಡು, ನಾಲ್ಕು ದಿನ ಪಾಲಿಶ್ ಮಾಡಿದ್ದ ನನ್ನ ಪೆಟ್ಟಿಗೆಯ ಅಂಚನ್ನು ಸುತ್ತಲೂ ಕೊಯ್ದು ಲಡಿ ಇಟ್ಟೆ. ಏರಿತು. ನೇಯುವವರೆಲ್ಲ ಗೋಡೆಗೆ ಒರಗಿ ನೋಡುತ್ತಿದ್ದರು. ಮಗ್ಗಗಳು ಅವತ್ತು ಮಧ್ಯಾಹ್ನವೆಲ್ಲ ಸುಮ್ಮನಿದ್ದವು.

ಧೂಳು ಕೊಡವಿಕೊಂಡು ಕುಸಿದು ಕೂತೆ. ಓರಗಿತ್ತಿ ಒಳಗೆ ಹೋಗಿ ಹಿತ್ತಾಳೆ ಲೋಟದಲ್ಲಿ ನೀರು ತಂದು ನನ್ನ ಮುಂದೆ ಹಿಡಿದರು.

"ತಾಗಮ್ಮಾ," ಅಂದರು.

ನಾನು ತೋರುಬೆರಳು ಚಾಚಿ ಲೋಟವನ್ನು ಮೆಲ್ಲಗೆ ಮುಟ್ಟಿದೆ.

ಅವರು ನನ್ನ ಬೆರಳು ನೋಡಿದರು. ನಾನು ಅವರ ಮುಖ ನೋಡಿದೆ. "ತಾಗು, ತಾಗು," ಅಂದು ಇನ್ನೊಂದು ಕೈಯ ಹೆಬ್ಬೆರಳನ್ನು ಬಾಯಿಗೆ ಎತ್ತಿ ತೋರಿಸಿದರು. ಆ ಹೆಬ್ಬೆರಳನ್ನು ನೋಡುತ್ತಾ ನೋಡುತ್ತಾ ನನ್ನ ತಲೆಯಲ್ಲಿ ಎಲ್ಲವೂ ಒಟ್ಟಿಗೆ ಕೂತುಕೊಂಡವು. ನೆಲ, ಹರವಿ, ಚಿಮುಕಿಸಿದ ನೀರು, ಬಿಸಿಲಲ್ಲಿ ಒಣಗಿ ಕಾದು ಬಂದ ರೇಷ್ಮೆ.

"ಕುಡೀತೈತಾ?" ಅಂದೆ.

"ಅದೇ ತಾನೇ ಹೇಳ್ತಾ ಇರೋದು," ಅಂದರು ಮಗ್ಗದಮ್ಮ. "ಬಿಸ್ಲಾಗಿಂದ ತಂದ್ರೆ ರೇಷ್ಮೆಗೆ ದಾಹ. ಈ ಮನೆ ಗಾಳಿಯಾಗೆ ಇರೋ ನೀರು ಕುಡೀತೈತೆ. ನಮ್ಮ ಅವ್ವನ ಕಾಲದಿಂದ ಕುಡೀತೈತೆ."

ನನ್ನ ಯಂತ್ರದಲ್ಲಿ ಏನೂ ತಪ್ಪಿರಲಿಲ್ಲ. ರೇಷ್ಮೆಯ ಲಡಿ ಗಾಳಿಯಿಂದ ಗುಟುಕು ಗುಟುಕಾಗಿ ನೀರು ಹೀರುತ್ತಿರುವುದನ್ನು ಅದು ಒಂದು ಗ್ರಾಮಿನ ನೂರನೇ ಪಾಲಿನವರೆಗೆ ಲೆಕ್ಕ ಇಟ್ಟು ಹೇಳುತ್ತಿತ್ತು, ನಾನು ಅದರ ಪೆಟ್ಟಿಗೆ ಕೊಯ್ಯುತ್ತಿದ್ದೆ. ನಗು ಬಂತು. ಅದು ಅಂತಿಂಥ ನಗುವಲ್ಲ. ನೆಲಕ್ಕೆ ಅಂಗೈ ಊರಿ, ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ ನಕ್ಕೆ. ನಾನು ಲೋಟ ಮುಟ್ಟಿದ ರೀತಿಯನ್ನು ಓರಗಿತ್ತಿ ಮತ್ತೆ ಮಾಡಿ ತೋರಿಸಿದರು. ನೇಯುವವರಲ್ಲಿ ಒಬ್ಬ ನಗುತ್ತಾ ಹಿಂದಕ್ಕೆ ಸರಿದು ಗುಂಡಿಯೊಳಗೆ ಕೂತುಬಿಟ್ಟ. ಮಗ್ಗದಮ್ಮ ಮಾತ್ರ ನಗದೆ ಅಂಕಿಯನ್ನೇ ನೋಡುತ್ತಿದ್ದರು. "ಕುಡಿಯೋದು ಗೊತ್ತಿತ್ತು," ಅಂದರು. "ಕುಡಿಯೋವಾಗ ನೋಡಿದ್ದು ಇವತ್ತೇ." ಆಮೇಲೆ ಅವರೂ ನಕ್ಕರು.

ಹರವಿ ಒಳಗೆ ಬಂತು, ಮೇಜು ಹಳೆಯ ಜಾಗಕ್ಕೆ ಬಂತು. ಲಡಿಯನ್ನು ತಟ್ಟೆಯ ಮೇಲೆಯೇ ಬಿಟ್ಟು ಊಟ ಮಾಡಿದೆವು. ಸಂಜೆಯ ಬಸ್ಸಿಗೆ ಹೊರಡುವ ಹೊತ್ತಿಗೆ ಅಂಕಿ ಎಂಬತ್ತೇಳು ಚುಕ್ಕಿ ಒಂಬತ್ತರ ಹತ್ತಿರ ಬಂದು ನಿಂತಿತ್ತು. ಮೂರೂವರೆ ಗ್ರಾಮಿಗಿಂತ ಹೆಚ್ಚು ನೀರು, ಯಾರೂ ಹಾಕದೆ.

ಮಾವನವರು ನಂಬಲಿಲ್ಲ. "ಗೇನ್ ಎಷ್ಟಿಟ್ಟಿದ್ದೆ?" ಅಂತ ಮೂರು ಸಲ ಕೇಳಿದರು. ಮುಂದಿನ ವಾರ ತಾವೇ ನನ್ನ ಜೊತೆ ಬಂದರು. ಅಂಗಡಿ ಮುಚ್ಚಿ ಅವರು ಊರು ಬಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲವಂತೆ. ಬೊಟ್ಟಿಟ್ಟು ಹದ ನೋಡಿ, ಬಿಸಿಲಿನ ಲಡಿಯನ್ನು ತಾವೇ ತಟ್ಟೆಗಿಟ್ಟರು. ಕುರ್ಚಿ ಎಳೆದುಕೊಂಡು ರೇಡಿಯೋ ಕಾಮೆಂಟರಿ ಕೇಳುವವರ ಹಾಗೆ ಮುಂದಕ್ಕೆ ಬಾಗಿ ಕೂತರು. ಇದು ಎಷ್ಟು ಏರಿ ನಿಲ್ಲುತ್ತದೆ ಅಂತ ಅವರಿಗೂ ಮಗ್ಗದಮ್ಮನಿಗೂ ಪಂತ ಬಿತ್ತು. ಮಾವನವರು ಎರಡು ಗ್ರಾಂ ಅಂದರು. ಮಗ್ಗದಮ್ಮ ಲಡಿಯನ್ನು ಎತ್ತಿ ಕೆನ್ನೆಗೆ ಒತ್ತಿ ನೋಡಿ ಮತ್ತೆ ಇಟ್ಟು, "ಇದು ಭಾಳ ಒಣಗೈತೆ. ನಾಲ್ಕು," ಅಂದರು. ಎರಡು ದಾಟಿದಾಗ ಮಾವನವರು ಕನ್ನಡಕ ಒರೆಸಿಕೊಂಡರು. ಮೂರು ದಾಟಿದಾಗ ಕಿಟಕಿ ತೆಗೆಸಿದರು, ಒಣ ಗಾಳಿ ಬರಲಿ ಅಂತ. ಮಗ್ಗದಮ್ಮ ಎದ್ದು ಹೋಗಿ ಮುಚ್ಚಿದರು. ಏರಿದ್ದು ನಾಲ್ಕು ಚುಕ್ಕಿ ಸೊನ್ನೆ ಎರಡು ಗ್ರಾಮಿಗೆ ನಿಂತಿತು.

"ನಿಮ್ಮ ಕೆನ್ನೆಗೆ ಯಾರು ಹದ ಹಿಡಿದಿದ್ದು?" ಅಂದರು ಮಾವನವರು.

ಆ ತಕ್ಕಡಿ ಕೊಯ್ದ ಅಂಚಿನೊಂದಿಗೇ ಅಲ್ಲಿ ಉಳಿಯಿತು. ಅಂಚು ಮುಚ್ಚಲು ಮಗ್ಗದಮ್ಮ ಸೀರೆಯ ಜರಿ ಅಂಚಿನ ತುಂಡೊಂದನ್ನು ಅಂಟಿಸಿದರು. ಹೇಗೆ ಬಳಸಬೇಕೆಂದು ಬರೆದು ಅದರ ಜೊತೆ ಕೊಟ್ಟ ಹಾಳೆಯಲ್ಲಿ ನಾನು ಒಂದು ಸಾಲು ಸೇರಿಸಿದ್ದೆ, ಬಿಸಿಲಿನಿಂದ ತಂದ ರೇಷ್ಮೆಯನ್ನು ಅರ್ಧ ದಿನ ಮನೆಯೊಳಗೆ ಇಟ್ಟು ಆಮೇಲೆ ತೂಗಬೇಕು ಅಂತ. ಆ ಬೀದಿಯಲ್ಲೇ ಇನ್ನೂ ನಾಲ್ಕು ಮನೆಯವರು ತಮಗೂ ಒಂದೊಂದು ಬೇಕೆಂದರು. ಕೆಲವು ವರ್ಷಕ್ಕೆ ಕಂಪನಿಗಳ ಸಿದ್ಧ ತಕ್ಕಡಿಗಳು ಎಲ್ಲೆಡೆ ಸಿಗತೊಡಗಿದವು, ನಾನು ಮಾಡುವುದು ನಿಂತಿತು. ಆ ಹೊತ್ತಿಗೆ ನನಗೆ ತೆಲುಗು ಚೆನ್ನಾಗಿ ಬರುತ್ತಿತ್ತು.

ಮೊದಲೆಲ್ಲ ಆರು ತಿಂಗಳಿಗೊಮ್ಮೆ ಹೋಗಿ ಕ್ಯಾಲಿಬ್ರೇಷನ್ ಮಾಡಿ ಬರುತ್ತಿದ್ದೆ. ಒಂದು ಸಲ, ಹೋಗುವ ದಿನ ಹತ್ತಿರ ಬಂದಾಗ, ಮಗ್ಗದಮ್ಮ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನ್ ಮಾಡಿದರು.

"ಗೇನ್ ಅರವತ್ನಾಲ್ಕೇ ಐತೆ," ಅಂದರು. "ಖಾಲಿ ತಟ್ಟೆಗೆ ಸೊನ್ನೆ ಹಿಡಿದೆ. ನಮ್ಮ ಹಳೇ ತಕ್ಕಡಿ ಬೊಟ್ಟಿಟ್ಟು ನೂರು ಹಿಡಿದೆ. ನನ್ನ ಓರಗಿತ್ತಿನೂ ಒಪ್ಪಿದ್ಲು. ಹದ ಹಿಡಿಯೋಕೆ ನೀ ಬರೋದು ಬ್ಯಾಡ."

"ಹಂಗಾದ್ರೆ ಬರಲ್ಲ ಬಿಡ್ರಿ," ಅಂದೆ, ಕೊಂಚ ಪೆಚ್ಚಾಗಿ.

"ಯಾರು ಬರಬ್ಯಾಡ ಅಂದ್ರು? ಒಬ್ಬಟ್ಟು ಮಾಡ್ತಾ ಇದ್ದೀವಿ. ಮಾವನ್ನೂ ಕರ್ಕೊಂಡು ಬಾ."